ಒಗ್ಗರಣೆಗೆ ಓಡಿದ ಓರಿಕ್ಸ್

ಗುರುವಾರ ಬೆಳಿಗ್ಗೆ ಐದಕ್ಕೆ ಮಸ್ಕತ್ತಿನ ರೂವಿಯಿಂದ ಹೊರಡುವುದೆಂದು ಮಾತಾಗಿತ್ತು. ಹೊರಟಾಗ ಆರು ಕಳೆದಿತ್ತು. ಕಾರಣ ನನ್ನ ಅಕ್ಕ ಸುಮತಿ. ನೀರಿನ ಕ್ಯಾನುಗಳು, ಚಾಪೆ, ಕಂಬಳಿ, ಅವಲಕ್ಕಿ, ಬೆಲ್ಲ, ಉಪ್ಪಿನಕಾಯಿ ಭರಣಿ, ಒಂದು ಪುಟ್ಟ ಗ್ಯಾಸ್ ಒಲೆ, ಇಷ್ಟೆಲ್ಲ ಹೇರಿದ ಮೇಲೂ ಅವಳು ಮತ್ತೆ ಮಹಡಿ ಹತ್ತಿ ಸ್ಟೀಲಿನ ಒಂದು ಡಬ್ಬಿ ಹಿಡಿದು ಬಂದಳು. ಸಾಸಿವೆ, ಒಣಮೆಣಸು, ಇಂಗು, ಕರಿಬೇವು.

"ಅಕ್ಕಾ, ನಾವು ಮರುಭೂಮಿಗೆ ಹೋಗುವುದು, ಮದುವೆಗಲ್ಲ" ಎಂದೆ.

"ನೀನು ಗಾಡಿ ಬಿಡು ಮಾರಾಯ. ಹೊಟ್ಟೆ ತಾಳ ಹಾಕಿದಾಗ ನನ್ನ ಹತ್ತಿರ ಬರಬೇಡ" ಎಂದಳು.

ಮುಂದಿನ ಸೀಟಿನಲ್ಲಿ ಭಾವ ನಗುತ್ತಾ ಕೂತಿದ್ದರು. ವಾಸುದೇವ ಭಾವ ಎಂಬತ್ತರ ದಶಕದ ಆರಂಭದಲ್ಲೇ ಮಸ್ಕತ್ತಿಗೆ ಬಂದವರು, ಕಟ್ಟಡ ಕಟ್ಟಿಸುವ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತಿದ್ದರು. ನನ್ನನ್ನು ಒಮಾನಿಗೆ ಕರೆಸಿಕೊಂಡು ಸೊಹಾರಿನ ವರ್ಕ್‌ಶಾಪಿನಲ್ಲಿ ಕೆಲಸ ಕೊಡಿಸಿದವರೂ ಅವರೇ. ಊರು ಕಾರ್ಕಳದ ಕಡೆ. ನಮ್ಮ ನಮ್ಮಲ್ಲಿ ಮಾತಾಡುವುದು ತುಳು, ಬರೆಯುವಾಗ ಕನ್ನಡವೇ ನನ್ನ ಕೈಗೆ ಹತ್ತುವುದು. ಹಾಗಾಗಿ ಈ ಬರಹದಲ್ಲಿ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಾರೆ.

ಈ ಪ್ರಯಾಣ ಭಾವನ ಕಣ್ಣಿಗಾಗಿ. ಅವರಿಗೆ ಇದ್ದದ್ದು ಕಣ್ಣಿನೊಳಗಿನ ಪರದೆ ಅಂಚಿನಿಂದ ಒಳಗೊಳಗೆ ಸಾಯುತ್ತಾ ಬರುವ ಕಾಯಿಲೆ. ನೇರಕ್ಕೆ ಇರುವುದು ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ. ಒಂದು ಕೊಳವೆಯೊಳಗಿಂದ ಲೋಕವನ್ನು ನೋಡಿದ ಹಾಗೆ, ದಿನೇ ದಿನೇ ಆ ಕೊಳವೆ ಸಪೂರ. ಸಂಜೆಯಾಯಿತೆಂದರೆ ಅದೂ ಇಲ್ಲ, ಅಕ್ಕನ ಹೆಗಲು ಬೇಕು. ಔಷಧಿ ಇಲ್ಲವೆಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. "ನೋಡಬೇಕು ಅಂತ ಆಸೆ ಇರುವುದನ್ನೆಲ್ಲ ಬೇಗ ನೋಡಿಬಿಡಿ" ಎಂದೂ ಹೇಳಿದ್ದರು.

ಭಾವನಿಗೆ ಇದ್ದ ಆಸೆ ಒಂದೇ. ಬೇಲಿಯಿಲ್ಲದ ಜಾಗದಲ್ಲಿ, ತನ್ನಷ್ಟಕ್ಕೆ ತಿರುಗುವ ಒಂದು ದೊಡ್ಡ ಕಾಡುಪ್ರಾಣಿಯನ್ನು ನೋಡಬೇಕು. ಇದಕ್ಕಾಗಿ ಆಫ್ರಿಕಾದ ಸಫಾರಿ ಉದ್ಯಾನಗಳ ಬಣ್ಣದ ಕರಪತ್ರಗಳನ್ನು ಟ್ರಾವೆಲ್ ಏಜೆನ್ಸಿಯಿಂದ ತಂದು ತಂದು ಕಪಾಟು ತುಂಬಿಸಿದ್ದರು. ಆಫ್ರಿಕಾಕ್ಕೆ ಹೋಗುವಷ್ಟು ರಜೆ ಕಂಪನಿ ಕೊಡಲಿಲ್ಲ. ಆಗ ಅವರ ಆಫೀಸಿನ ಅಲಿ ಒಂದು ದಾರಿ ತೋರಿಸಿದ. ಅಲಿ ಒಮಾನಿಯೇ, ಆದರೆ ಹುಟ್ಟಿ ಬೆಳೆದದ್ದು ಜಾಂಜಿಬಾರಿನಲ್ಲಿ, ಅರಬ್ಬಿಗಿಂತ ಸ್ವಾಹಿಲಿ ಚೆನ್ನಾಗಿ ಮಾತಾಡುವವನು. "ಸಮುದ್ರ ಯಾಕೆ ದಾಟುತ್ತೀರಿ? ಅಲ್ಲಿ ಇರುವ ಜಾಲಿ ಮರ ಇಲ್ಲಿಯೂ ಇದೆ. ಅಲ್ಲಿ ಓರಿಕ್ಸ್ ಇದೆ, ಇಲ್ಲಿಯೂ ಇದೆ, ನಮ್ಮದು ಇನ್ನೂ ಬಿಳಿ" ಎಂದನಂತೆ. ಓರಿಕ್ಸ್ ಎಂದರೆ ನೆಟ್ಟನೆಯ ಉದ್ದ ಕೊಂಬಿನ ದೊಡ್ಡ ಜಿಂಕೆ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಇಷ್ಟು ವರ್ಷ ನಮಗೆ ಇದು ಹೊಳೆದೇ ಇರಲಿಲ್ಲ. ಕಚೇರಿಗಳಿಗೆ ಅಲೆದು ನಮಗೆ ಪರವಾನಗಿ ಮಾಡಿಸಿಕೊಟ್ಟವನೂ ಅಲಿಯೇ. ಅವನ ಹೊಟ್ಟೆ ತಣ್ಣಗಿರಲಿ.

ನಿಜ್ವಾ ತನಕ ಗುಡ್ಡಗಳು, ಖರ್ಜೂರದ ತೋಟಗಳು, ಹಳೆಯ ಕೋಟೆ. ಆದಂ ಎಂಬ ಊರು ದಾಟಿದ ಮೇಲೆ ಗುಡ್ಡ ಮುಗಿಯಿತು. ಊರಿನ ಹೊರಗೆ ಒಬ್ಬ ಮಲಯಾಳಿಯ ಹೋಟೆಲಿನಲ್ಲಿ ಪರಾಟ, ಕಡಲೆ ಸಾರು, ಸುಲೈಮಾನಿ ಚಹಾ. ಮೂವರಿಗೂ ಸೇರಿ ಒಂದು ರಿಯಾಲಿಗಿಂತ ಕಡಿಮೆ. "ಸಲಾಲೆಗಾ?" ಎಂದು ಅವನು ಕೇಳಿದ. ಆ ದಾರಿ ಹಿಡಿದವರೆಲ್ಲ ದಕ್ಷಿಣದ ಆ ಪಟ್ಟಣಕ್ಕೇ ಹೋಗುವವರು. ಮರುಭೂಮಿ ನೋಡಲು ಎಂದಾಗ ನಮ್ಮನ್ನು ಒಮ್ಮೆ, ನಮ್ಮ ಗಾಡಿಯನ್ನು ಒಮ್ಮೆ ನೋಡಿ, ದುಡ್ಡು ತೆಗೆದುಕೊಳ್ಳದೆ ಎರಡು ಬಾಟಲಿ ನೀರು ತಂದಿಟ್ಟ.

ಮುಂದೆ ಇನ್ನೂರು ಮುನ್ನೂರು ಕಿಲೋಮೀಟರು ದಾರಿ ನೂಲು ಹಿಡಿದಂತೆ ನೆಟ್ಟಗೆ. ಎರಡೂ ಕಡೆ ಕಲ್ಲುಹರಳಿನ ಬಯಲು, ಮರವಿಲ್ಲ, ತಿರುವಿಲ್ಲ. ನನಗೆ ತೂಕಡಿಕೆ ಬರಬಾರದೆಂದು ಅಕ್ಕ ಹಿಂದಿನಿಂದ ಹುಣಸೆಹಣ್ಣಿನ ಉಂಡೆ ಬಾಯಿಗೆ ತುರುಕುತ್ತಿದ್ದಳು. ಭಾವನಿಗೆ ಮಾತ್ರ ಪರಮ ಸಂತೋಷ. "ಇಲ್ಲಿ ನನಗೂ ನಿನಗೂ ಒಂದೇ, ದಿನೇಶ. ಎಡಕ್ಕೆ ಎಂತದೂ ಇಲ್ಲ, ಬಲಕ್ಕೆ ಎಂತದೂ ಇಲ್ಲ. ನೆಟ್ಟಗೆ ನೋಡಿದ್ರೆ ಸಾಕು" ಎಂದರು. ನಾನು ನಕ್ಕೆ. ಹಿಂದಿನ ಸೀಟಿನಲ್ಲಿ ಅಕ್ಕ ನಗಲಿಲ್ಲ.

ಹೈಮಾ ಎಂಬಲ್ಲಿ ಪೆಟ್ರೋಲು ತುಂಬಿಸಿ ಪೂರ್ವಕ್ಕೆ ಕಚ್ಚಾ ದಾರಿ ಹಿಡಿದೆವು. ಇದು ಜಿದ್ದತ್ ಅಲ್ ಹರಾಸಿಸ್, ಹರಾಸಿಸ್ ಎಂಬ ಬುಡಕಟ್ಟಿನವರ ಬಯಲು. ಮೇಲ್ನೋಟಕ್ಕೆ ಬರಡು. ಆದರೆ ಅಲ್ಲಲ್ಲಿ ತಟ್ಟೆಯಂತೆ ತಗ್ಗಾದ ಜಾಗಗಳಲ್ಲಿ ಹುಲ್ಲು, ಕುರುಚಲು, ಕೊಡೆ ಬಿಚ್ಚಿದ ಆಕಾರದ ಜಾಲಿ ಮರಗಳು. ಕರಪತ್ರಗಳಲ್ಲಿ ಜಿರಾಫೆಯ ಹಿಂದೆ ನಿಂತಿರುತ್ತಿದ್ದ ಮರವೇ ಇದು. ಜಿರಾಫೆ ಒಂದು ಕಮ್ಮಿ.

ಒಂದು ಕಡೆ ಒಂಟಿ ದೊಡ್ಡ ಮರ ಕಂಡು ಭಾವ ಗಾಡಿ ನಿಲ್ಲಿಸಲು ಹೇಳಿದರು. ಇಲ್ಲಿಯವರು ಅದನ್ನು ಗಾಫ್ ಎನ್ನುತ್ತಾರೆ. ಭಾವ ಹತ್ತಿರ ಹೋಗಿ, ಎಲೆಯನ್ನು ಕಣ್ಣಿನ ನೇರಕ್ಕೆ ಹಿಡಿದು, "ಸುಮತಿ, ಇದು ಶಮೀ ಮರ ಅಲ್ವನಾ?" ಎಂದರು. ಹೌದು, ಬಯಲುಸೀಮೆಯವರ ಬನ್ನಿ! ಪಾಂಡವರು ಆಯುಧ ಬಚ್ಚಿಟ್ಟ ಮರ ಒಮಾನಿನ ನಡುಮಧ್ಯೆ! ಅಕ್ಕ ಚಪ್ಪಲಿ ಕಳಚಿ, ಸುಡುವ ಹರಳಿನ ಮೇಲೆ ಕುಣಿಯುತ್ತಾ ಮೂರು ಸುತ್ತು ಬಂದಳು. ಏನು ಬೇಡಿಕೊಂಡಳೆಂದು ನಾನು ಕೇಳಲಿಲ್ಲ, ಗೊತ್ತೇ ಇತ್ತು.

ಮೂರೂವರೆ ಹೊತ್ತಿಗೆ ಕಾವಲುಗಾರರ ಠಾಣೆ ತಲುಪಿದೆವು. ನಾಲ್ಕಾರು ಕೋಣೆ, ನೀರಿನ ಟ್ಯಾಂಕು, ವೈರ್‌ಲೆಸ್ಸಿನ ಕಂಬ. ನಮ್ಮನ್ನು ಬರಮಾಡಿಕೊಂಡವನು ಸಾಲಿಂ, ಹರಾಸಿಸ್ ಬುಡಕಟ್ಟಿನವನೇ, ನಲವತ್ತರ ಆಸುಪಾಸು, ಗಡ್ಡದಲ್ಲಿ ಬಿಳಿ. ಪರವಾನಗಿ ಕಾಗದ ಚಾಚಿದರೆ ಅವನು ಅದನ್ನು ನೋಡಲೇ ಇಲ್ಲ. ಚಾಪೆ ಹಾಸಿದ, ಖರ್ಜೂರ ಇಟ್ಟ, ಕಾಫಿ ಬಗ್ಗಿಸಿದ. ಸುದ್ದಿ ಏನು ಎಂದು ಅವನು ಕೇಳುವುದು, ಸುದ್ದಿ ಏನಿಲ್ಲ, ಎಲ್ಲ ಒಳ್ಳೆಯದು ಎಂದು ಭಾವ ಅರಬ್ಬಿಯಲ್ಲಿ ಹೇಳುವುದು. ಭಾವ ಕೇಳುವುದು, ಅವನೂ ಹಾಗೆಯೇ ಹೇಳುವುದು. ಕಾಫಿ ಮೂರು ಸಲ ಬಂದು ಹೋಗುವ ತನಕ ಯಾಕೆ ಬಂದಿರಿ ಎಂಬ ಮಾತಿಲ್ಲ. ನನ್ನದು ವರ್ಕ್‌ಶಾಪಿನ ಅರಬ್ಬಿ, ಹೊರಡು ಎನ್ನುವ ಯಲ್ಲಾ ಮತ್ತು ಮುಗಿಯಿತು ಎನ್ನುವ ಖಲಾಸ್ ನಡುವೆಯೇ ಮುಗಿಯುವಂಥದ್ದು. ಸುಮ್ಮನೆ ಖರ್ಜೂರ ತಿಂದೆ. ಅಕ್ಕ ಮಾತ್ರ ನಮ್ಮ ಕ್ರಮ ಬಿಡಲಿಲ್ಲ. ಬೆಲ್ಲದ ಒಂದು ತುಂಡು, ಒಂದು ಲೋಟ ನೀರು ಸಾಲಿಂನ ಮುಂದಿಟ್ಟಳು. ಬಿಸಿಲಲ್ಲಿ ಬಂದವರು ನಾವು, ಬೆಲ್ಲ ನೀರು ಕೊಟ್ಟದ್ದು ಮನೆಯವನಿಗೆ! ಅವನು ಬೆಲ್ಲ ಕಚ್ಚಿ, ಕಣ್ಣು ಅರಳಿಸಿ, ಇನ್ನೊಂದು ತುಂಡು ಕೇಳಿದ.

ಆಮೇಲೆ ಭಾವ ಸುತ್ತು ಬಳಸದೆ ಕಣ್ಣಿನ ವಿಷಯ ಹೇಳಿದರು. ಸಾಲಿಂ ಅಯ್ಯೋ ಪಾಪ ಎನ್ನಲಿಲ್ಲ. ಹತ್ತಿರ ಬಂದು ಭಾವನ ಕಣ್ಣುಗಳನ್ನೇ ಸ್ವಲ್ಪ ಹೊತ್ತು ನೋಡಿ, "ನಮ್ಮ ಮಹಾ ಬಿಳಿ. ಬಿಳಿ ಆದ್ದರಿಂದ ಕಾಣುತ್ತದೆ. ಇನ್‌ಶಾ ಅಲ್ಲಾ" ಎಂದ. ಓರಿಕ್ಸನ್ನು ಅವರು ಮಹಾ ಎನ್ನುತ್ತಾರೆ. ಅವನ ಅಜ್ಜಂದಿರ ಕಾಲದಲ್ಲಿ ಈ ಬಯಲಲ್ಲಿ ಬೇಕಾದಷ್ಟು ಇದ್ದವಂತೆ. ಗಾಡಿಯಲ್ಲಿ ಬಂದೂಕು ಹಿಡಿದು ಬಂದವರು ಒಂದನ್ನೂ ಉಳಿಸಲಿಲ್ಲ. ಹೊರದೇಶಗಳಲ್ಲಿ ಸಾಕಿ ಉಳಿಸಿದ್ದ ಕೆಲವನ್ನು ಮತ್ತೆ ತಂದು ಬಿಟ್ಟು, ಕಾಯಲು ಇವರನ್ನೇ ಇಟ್ಟರು. "ನಿಮ್ಮ ಹಾಗೆ ನೋಡಲು ಬರುವವರು ಹೆಚ್ಚಾಗಿ ಬಿಳಿಯರು. ಇಂಡಿಯಾದವರು ಈ ಕಡೆ ಬರುವುದು ಕೆಲಸಕ್ಕೆ. ನೋಡಲೆಂದೇ ಬಂದವರನ್ನು ನಾನು ಕಂಡದ್ದು ನಿಮ್ಮನ್ನೇ" ಎಂದ. ಬಂದವರಲ್ಲಿ ಕೆಲವರು ತಗ್ಗಿನ ಹುಲ್ಲಿನ ಮೇಲೆಯೇ ಗಾಡಿ ಓಡಿಸುತ್ತಾರೆ, ಚಕ್ರದ ಗುರುತು ವರ್ಷಗಟ್ಟಲೆ ಮಾಸುವುದಿಲ್ಲ ಎಂದು ಬೇಸರಪಟ್ಟ. ನಾನು ನಮ್ಮ ಗಾಡಿಯನ್ನು ಎಲ್ಲಿ ನಿಲ್ಲಿಸಿದ್ದೇನೆಂದು ಮೆಲ್ಲಗೆ ಹಿಂತಿರುಗಿ ನೋಡಿದೆ. ದೇವರ ದಯೆ, ದಾರಿಯ ಮೇಲೆಯೇ ಇತ್ತು.

ನಾಳಿನ ಏರ್ಪಾಡನ್ನೂ ಅವನೇ ಹೇಳಿದ. ಒಂದು ಹಿಂಡು ಹತ್ತಿರದ ತಗ್ಗಿನಲ್ಲಿದೆ. ನಾವು ಅದರ ಈಚೆಗೆ ಡೇರೆ ಹಾಕುವುದು. ನಸುಕಿಗೇ ಅವು ಎದ್ದು ಮೇಯುತ್ತವೆ, ಅದೇ ನೋಡುವ ಹೊತ್ತು. ಸಮುದ್ರದ ಕಡೆಯಿಂದ ಮಂಜು ಬರುತ್ತದೆ. ಇಲ್ಲಿ ಮಳೆ ಯಾವಾಗಲೋ ಒಮ್ಮೆ, ಮರಗಿಡ ಬದುಕುವುದು ಈ ಮಂಜಿನಿಂದ, ಓರಿಕ್ಸ್ ಬದುಕುವುದು ಎಲೆಯ ಮೇಲಿನ ಆ ತೇವದಿಂದ. "ಬೆಂಕಿ ಬೇಡ, ಹೊಗೆ ಬೇಡ, ಗಲಾಟೆ ಬೇಡ. ನಾನು ಬರುವ ತನಕ ಕಾಯಿರಿ" ಎಂದ. ಭಾವ ಅಕ್ಷರ ಬಿಡದೆ ನಮಗೆ ನಮ್ಮ ಮಾತಿನಲ್ಲಿ ಹೇಳಿದರು. ನಾವು ಅಕ್ಷರ ಬಿಡದೆ ಕೇಳಿಕೊಂಡೆವು.

ಶುಕ್ರವಾರ ನಸುಕಿನಲ್ಲಿ ನಾನು ಡೇರೆಯಿಂದ ಹೊರಗೆ ಬಂದರೆ ಲೋಕವೇ ಇಲ್ಲ. ಮಂಜು ಅಂದರೆ ಅಂಥ ಮಂಜು. ಡೇರೆಯ ಬಟ್ಟೆ ತೊಟ್ಟಿಕ್ಕುತ್ತಿತ್ತು, ಜಾಲಿಯ ಮುಳ್ಳುಮುಳ್ಳಿಗೂ ಒಂದೊಂದು ಹನಿ. ಎಷ್ಟೋ ಹೊತ್ತು ದಿಟ್ಟಿಸಿದ ಮೇಲೆ ಆ ಬಿಳುಪಿನೊಳಗೆ ಬೇರೆ ಬಿಳುಪು ಅಲುಗಿತು. ಒಂದು, ಮತ್ತೊಂದು, ಮತ್ತೆ ಉದ್ದಕ್ಕೆ ನೆಟ್ಟಗಿರುವ ಕೊಂಬು. ಭಾವನನ್ನು ಎಬ್ಬಿಸಲು ತಿರುಗಿದೆ.

ಆಗ ಕೇಳಿಸಿತು, ಚಟಪಟ ಚಟಪಟ. ಹಿಂದೆಯೇ ಘಮ್ಮೆಂದು ಇಂಗು, ಕರಿಬೇವು, ಕೆಂಪು ಮೆಣಸಿನ ಘಾಟು.

ಗಾಡಿಯ ಹಿಂಬಾಗಿಲ ಮರೆಯಲ್ಲಿ ಅಕ್ಕ ಗ್ಯಾಸ್ ಒಲೆ ಹಚ್ಚಿ ಅವಲಕ್ಕಿಗೆ ಒಗ್ಗರಣೆ ಹಾಕಿದ್ದಳು. ಗಾಳಿ ನಮ್ಮಿಂದ ನೇರ ತಗ್ಗಿನ ಕಡೆಗೆ. ನಾನು ತಿರುಗಿ ನೋಡುವಷ್ಟರಲ್ಲಿ ಕೊಂಬುಗಳೆಲ್ಲ ಒಟ್ಟಿಗೆ ಎದ್ದವು, ಗೊರಸಿನ ಸದ್ದು ಹರಳಿನ ಮೇಲೆ ದಡದಡ ಹೋಯಿತು, ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗೆ.

"ಅಕ್ಕಾ! ಬೆಂಕಿ ಬೇಡ ಅಂದಿದ್ದನಲ್ಲ!"

"ಬೆಂಕಿ ಎಲ್ಲುಂಟು? ಗ್ಯಾಸ್ ಅಲ್ವಾ? ಹೊಗೆ ಉಂಟನಾ ನೋಡು. ಇವರಿಗೆ ಮಾತ್ರೆ ತಗೊಳ್ಳುವ ಮೊದಲು ಹೊಟ್ಟೆಗೆ ಬಿಸಿ ಏನಾದ್ರೂ..." ಎನ್ನುತ್ತಿದ್ದವಳು ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು. "ಎಂತಾಯ್ತು? ಇದ್ದವಾ? ಹೋದವಾ?"

ಸಾಲಿಂ ಮಂಜಿನೊಳಗಿಂದ ನಡೆದು ಬಂದ. ಬೆಂಕಿಗೆ, ಹೊಗೆಗೆ, ಗಲಾಟೆಗೆ ಅವನಲ್ಲಿ ನಿಯಮವಿತ್ತು. ಇಂಗಿನ ಒಗ್ಗರಣೆ ಎಂಬ ವಸ್ತು ಭೂಮಿಯ ಮೇಲೆ ಉಂಟೆಂದು ಪಾಪ ಅವನಿಗೇನು ಗೊತ್ತು? ಗಾಳಿ ಮೂಸಿದ, ಎರಡು ಸಲ ಸೀನಿದ, ಬಾಣಲೆಯನ್ನು ನೋಡಿದ. ಅವನು ಬೈದಿದ್ದರೆ ಅಕ್ಕನಿಗೆ ಸಮಾಧಾನವಾಗುತ್ತಿತ್ತೋ ಏನೋ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟಳು. "ಇಷ್ಟು ದೂರ ಕರ್ಕೊಂಡು ಬಂದು, ನನ್ನ ಕೈಯಾರೆ ಓಡಿಸಿದೆನಲ್ಲ ದೇವರೇ! ಇವರಿಗೆ ಇನ್ನೊಮ್ಮೆ ಉಂಟಾ?" ಮರುದಿನ ನನಗೆ ಡ್ಯೂಟಿ, ಅಂದೇ ಹಿಂದೆ ಹೋಗಲೇಬೇಕು. ಇನ್ನೊಮ್ಮೆ ಇರಲಿಲ್ಲವೆಂದು ಮೂವರಿಗೂ ಗೊತ್ತಿತ್ತು. ನನಗೆ ಅಕ್ಕನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಿಟ್ಟು ಬಂದಷ್ಟೇ ಪಾಪವೂ ಅನಿಸಿತು.

ಭಾವ ಡೇರೆಯ ಹಗ್ಗ ತಡವುತ್ತಾ ಹೊರಗೆ ಬಂದರು. ಅಕ್ಕನ ಅಳುವಿನ ಕಡೆಗೆ ಕೈ ಚಾಚಿ, ಅವಳ ಹೆಗಲು ಸಿಕ್ಕಿದ ಮೇಲೆ, "ಅವಲಕ್ಕಿ ಆಯ್ತಾ?" ಎಂದರು. "ಓರಿಕ್ಸ್ ಅಂತೂ ಹೋಯ್ತು. ಒಗ್ಗರಣೆಯೂ ತಣ್ಣಗಾಗಬೇಕಾ? ಬಡಿಸು."

ನಾಲ್ವರೂ ಕೂತು ತಿಂದೆವು. ಸಾಲಿಂ ಮೊದಲು ಒಂದು ಚಿಟಿಕೆ ಬಾಯಿಗಿಟ್ಟ, ಆಮೇಲೆ ಒಂದು ಹಿಡಿ, ಆಮೇಲೆ ಬಾಣಲೆಯನ್ನೇ ಹತ್ತಿರ ಎಳೆದುಕೊಂಡ. ಕೈ ಒರೆಸಿಕೊಂಡು ಭಾವನಿಗೆ ಏನೋ ಹೇಳಿದ. ಭಾವನ ಮುಖ ಬದಲಾಯಿತು. "ಎಲ್ಲ ಹೋಗಿದ್ದಾವಂತೆ, ಒಬ್ಬಳು ಹೋಗಿರಲಿಕ್ಕಿಲ್ಲವಂತೆ" ಎಂದರು. ಹಿಂಡಿನಿಂದ ದೂರ, ಇನ್ನೊಂದು ತಗ್ಗಿನಲ್ಲಿ, ಈಚೆಗಷ್ಟೇ ಈದ ತಾಯಿಯೊಂದು ಇದೆ. ಮರಿಯನ್ನು ಪೊದೆಯಡಿ ಅಡಗಿಸಿ ಮೇಯುತ್ತದೆ, ಹಾಲು ಕುಡಿಸಲು ಬಂದೇ ಬರುತ್ತದೆ. ಅಲ್ಲಿಗೆ ಯಾರನ್ನೂ ಕರೆದುಕೊಂಡು ಹೋಗುವ ರೂಢಿಯಿಲ್ಲ. ದೂರದಲ್ಲಿ ಗಾಡಿ ನಿಲ್ಲಿಸಿ, ಇಳಿಯದೆ, ಮಾತಾಡದೆ ನೋಡುವುದಾದರೆ ಆಗಬಹುದು. ಆದರೆ ಈಗಲೇ ಅಲ್ಲ, ಬಿಸಿಲೇರಿದ ಮೇಲೆ.

ಒಂಬತ್ತರ ಹೊತ್ತಿಗೆ ಮಂಜು ಪರದೆ ಎತ್ತಿದಂತೆ ಎದ್ದುಹೋಯಿತು. ಸಾಲಿಂನ ಪಿಕಪ್ಪಿನಲ್ಲಿ ಹೋದೆವು. ದಾರಿಯಲ್ಲಿ ಚಿಂಕಾರದಂಥ ಸಣ್ಣ ಜಿಂಕೆಗಳು ಎರಡು, ಬಾಲದ ತುಂಬ ಮುಳ್ಳಿರುವ ದಪ್ಪ ಉಡವೊಂದು ಬಿಸಿಲು ಕಾಯಿಸುತ್ತಿತ್ತು. ಒಂದು ದಿಣ್ಣೆಯ ಹಿಂದೆ ಎಂಜಿನ್ ಆರಿಸಿ ಅವನು ಬೆರಳು ತೋರಿಸಿದ. ಎರಡು ಫುಟ್‌ಬಾಲ್ ಮೈದಾನದಷ್ಟು ದೂರ, ಒಂಟಿ ಜಾಲಿ ಮರ. ಅದರ ಪಕ್ಕ ಹೊಚ್ಚ ಬಿಳಿಯ ಒಂದು ಪ್ರಾಣಿ, ಕಾಲಿಗೆ ಕಪ್ಪು ಕಾಲುಚೀಲ ತೊಟ್ಟಂತೆ. ಪಕ್ಕಕ್ಕೆ ತಿರುಗಿದಾಗ ಎರಡು ಕೊಂಬೂ ಸೇರಿ ಒಂದೇ ಆಗುತ್ತಿತ್ತು.

ಭಾವನಿಗೆ ಕಾಣಲಿಲ್ಲ. ದುರ್ಬೀನು ಕೊಟ್ಟೆ, ಅದನ್ನು ಹಿಡಿದು ಆಕಾಶ ನೋಡಿದರು, ನೆಲ ನೋಡಿದರು. ಕೊಳವೆಯೊಳಗೆ ಕೊಳವೆ, ಮರವೇ ಸಿಗಲಿಲ್ಲ. ಎಡಕ್ಕೆ, ಸ್ವಲ್ಪ ಎಡಕ್ಕೆ ಎಂದು ನಾನು ಪಿಸುಗುಟ್ಟಿದೆ, ಅಕ್ಕ ಬಲಕ್ಕೆ ಎಂದಳು. ಸಾಲಿಂ ಇಬ್ಬರನ್ನೂ ಕಣ್ಣಲ್ಲೇ ಗದರಿಸಿ, ದುರ್ಬೀನು ತೆಗೆದು ಪಕ್ಕಕ್ಕಿಟ್ಟ. ತನ್ನ ಎರಡೂ ಅಂಗೈಗಳಲ್ಲಿ ಭಾವನ ಮುಖ ಹಿಡಿದ. ಮಗುವಿನ ತಲೆ ಬಾಚುವಾಗ ಅಮ್ಮ ಹಿಡಿಯುವಂತೆ. ಮೆಲ್ಲಗೆ, ಅತಿ ಮೆಲ್ಲಗೆ ಎಡಕ್ಕೆ ತಿರುಗಿಸಿ, ಕೂದಲೆಳೆಯಷ್ಟು ಕೆಳಗಿಳಿಸಿ ನಿಲ್ಲಿಸಿದ.

ಭಾವ ಉಸಿರು ಬಿಗಿಹಿಡಿದರು. ಸಾಲಿಂ ಕೈ ತೆಗೆಯಲಿಲ್ಲ, ಅವರು ಅಲುಗಲಿಲ್ಲ. ತಾಯಿ ಪೊದೆಯ ಕಡೆ ಬಂದು ತಲೆ ತಗ್ಗಿಸಿತು. ನನಗೆ ಅಲ್ಲಿ ಮಣ್ಣು ಮಾತ್ರ ಕಾಣುತ್ತಿತ್ತು. "ಎದ್ದಿತು" ಎಂದರು ಭಾವ, ತುಟಿಯಷ್ಟೇ ಅಲುಗಿಸಿ. ಆಗ ನನಗೂ ಕಂಡಿತು, ಮಣ್ಣಿನದೇ ಬಣ್ಣದ ಪುಟ್ಟ ಮರಿ, ಕಾಲು ಇನ್ನೂ ನೆಟ್ಟಗಿಲ್ಲ, ತಾಯಿಯ ಹೊಟ್ಟೆಗೆ ಗುದ್ದಿ ಗುದ್ದಿ ಹಾಲು ಹುಡುಕುತ್ತಿತ್ತು. ಭಾವನ ಕೆನ್ನೆಯ ಮೇಲೆ ನೀರಿಳಿದು ಸಾಲಿಂನ ಬೆರಳುಗಳ ಸಂದಿಗೆ ಹೋಯಿತು. ಅವನು ಹಾಗೆಯೇ ಹಿಡಿದುಕೊಂಡಿದ್ದ.

ಹೊರಡುವಾಗ ಸಾಲಿಂ ಏನೂ ತೆಗೆದುಕೊಳ್ಳಲಿಲ್ಲ. ಅಕ್ಕ ಬೆಲ್ಲದ ಅಚ್ಚನ್ನು ಇಡಿಯಾಗಿ ಕೊಟ್ಟಾಗ ಮಾತ್ರ ಬೇಡ ಎನ್ನಲಿಲ್ಲ. ಗಾಡಿ ತಿರುಗಿಸುವಾಗ ಕನ್ನಡಿಯಲ್ಲಿ ನೋಡಿದೆ, ದಾರಿಯ ನಡುವೆ ನಿಂತು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಅಕ್ಕ ಇನ್ನೂ ಸಪ್ಪಗಿದ್ದಳು. ಆದಂನಲ್ಲಿ ಅದೇ ಮಲಯಾಳಿಯ ಚಹಾ ಕುಡಿಯುವಾಗ, "ನಾನೊಬ್ಬಳು ಸುಮ್ಮನಿರುತ್ತಿದ್ರೆ ಇಡೀ ಹಿಂಡನ್ನೇ ನೋಡುತ್ತಿದ್ದಿರಿ" ಎಂದಳು.

ಭಾವ ಲೋಟ ಕೆಳಗಿಟ್ಟರು. "ಇಲ್ಲ ಸುಮತಿ. ಆ ನಸುಕಿನಲ್ಲಿ, ಆ ಮಂಜಿನಲ್ಲಿ ನನಗೆ ನನ್ನ ಕೈಯೇ ಕಾಣುತ್ತಿರಲಿಲ್ಲ. ನಸುಕಿಗೆ ಅಂತ ಸಾಲಿಂ ಹೇಳಿದಾಗಲೇ ನನಗೆ ಗೊತ್ತಾಯ್ತು, ಇನ್ನು ಆಗ್ಲಿಕ್ಕಿಲ್ಲ ಅಂತ. ನೀವಿಬ್ಬರು ಅಷ್ಟು ಖುಷಿಯಲ್ಲಿದ್ದಿರಿ, ಹೇಗೆ ಹೇಳುವುದು? ಕಂಡಿತು ಅಂತ ಸುಳ್ಳು ಹೇಳುವ ಅಂತಲೇ ಡೇರೆಯಿಂದ ಹೊರಗೆ ಬಂದದ್ದು ನಾನು. ಅಷ್ಟರಲ್ಲಿ ನೀನು ಓಡಿಸಿದ್ದಿ."

ಸಂಜೆಯಾದರೆ ಹೆಗಲು ಬೇಕಾದ ಮನುಷ್ಯನಿಗೆ ನಸುಕೂ ಕತ್ತಲೇ ಎಂಬುದು ನಮ್ಮಿಬ್ಬರ ಬುದ್ಧಿಗೂ ಹತ್ತಿರಲಿಲ್ಲ. ಅಕ್ಕ "ಸುಳ್ಳು ಹೇಳ್ಲಿಕ್ಕೆ ಹೊರಟಿದ್ದಿರಾ? ನನ್ನ ಹತ್ತಿರ?" ಎಂದು ಜಗಳ ತೆಗೆದಳು. ನಿಜ್ವಾ ತನಕ ಬೈಗುಳ. ನಿಜ್ವಾದಿಂದ ಮುಂದೆ ಕನ್ನಡಿಯಲ್ಲಿ ನೋಡಿದರೆ ಅವಳು ಹಿಂದಿನಿಂದ ಕೈ ಚಾಚಿ ಅವರ ಹೆಗಲ ಮೇಲಿಟ್ಟಿದ್ದಳು. ಕತ್ತಲಾಗುವಾಗ ರೂವಿ ತಲುಪಿದೆವು. ಆ ಬಯಲಿಗೆ, ಆ ಮಂಜಿಗೆ, ಅಲಿಗೆ, ಸಾಲಿಂಗೆ, ಕೊನೆಗೆ ಇಂಗಿಗೂ ನಾನು ಮನಸ್ಸಿನಲ್ಲೇ ಕೈಮುಗಿದೆ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಭಾವನ ಕೊಳವೆ ಪೂರ್ತಿ ಮುಚ್ಚಿದೆ. ಮೊನ್ನೆ ಸೊಹಾರಿನಿಂದ ಅವರ ಮನೆಗೆ ಹೋದಾಗ ಚಾವಡಿಯಲ್ಲಿ ಅವರೊಡನೆ ಮಾತಾಡುತ್ತಾ ಕೂತಿದ್ದೆ. ಒಳಗೆ ಸಾಸಿವೆ ಸಿಡಿಯಿತು. ಭಾವ ಮಾತು ನಿಲ್ಲಿಸಿದರು. ಮುಖವನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿ, ಕೂದಲೆಳೆಯಷ್ಟು ಕೆಳಗಿಳಿಸಿ, ಹಾಗೆಯೇ ನೋಡುತ್ತಾ ಕೂತರು.